ಅಲುಗದ ಗೆರೆಗಳು

ಹ್ಯಾಂಗರಿನ ಕ್ಯಾಂಟೀನಿನಿಂದ,
ಗುರುವಾರ ಮಧ್ಯಾಹ್ನ

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ನಿನ್ನ ಗೂಬೆಯ ನಮಸ್ಕಾರ. ಬೆಳಿಗ್ಗೆ ನೀನು ಫೋನಿಟ್ಟ ರಭಸಕ್ಕೆ ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಮತ್ತೆ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನನಗೆ ಮಾತಾಡಲು ಬಿಡುವುದಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ. ನಮ್ಮ ವ್ಯಾನಿನ ಡ್ರೈವರ್ ಸಂಜೆ ನಿಮ್ಮ ಕಡೆ ಬರುತ್ತಾರೆ, ಅವರ ಕೈಲಿ ಕಳಿಸುತ್ತೇನೆ.

ಆಗುವುದಿಲ್ಲ ಅಮ್ಮ. ವಿಮಾನ ಅಲುಗಾಡಿತು, ಅದಕ್ಕೇ ರಾಕೆಟ್ಟಿನ ಚಿತ್ರ ಹಾಗೆ ಬಂತು ಅಂತ ನಾಳೆ ತನಿಖಾ ಸಮಿತಿಯ ಮುಂದೆ ನಾನು ಹೇಳುವುದಿಲ್ಲ. ವಿಮಾನ ಅಲುಗಾಡುವುದೇನು ದೊಡ್ಡ ಸುದ್ದಿಯಾ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಅಂತ ನೀನು ಅಂದೆಯಲ್ಲ. ನಾನು ಕೆಡಿಸಿಕೊಳ್ಳುತ್ತೇನೆ.

ರಾಕೆಟ್ ಮೋಡದೊಳಗೆ ನುಗ್ಗಿದ ಮೇಲೆ ನೆಲದ ಕ್ಯಾಮೆರಾಗಳಿಗೆ ಏನೂ ಕಾಣುವುದಿಲ್ಲ. ಅದಕ್ಕೆಂದೇ ಈ ಮುದಿ ವಿಮಾನದ ಮೂತಿಯಲ್ಲಿ ದೂರದರ್ಶಕ ಕೂರಿಸಿ ನಮ್ಮನ್ನು ಮೋಡದ ಮೇಲಕ್ಕೆ ಕಳಿಸುವುದು. ದೂರದರ್ಶಕದ ಗಾಜು ಹೊರಗಿನ ಗಾಳಿಯಷ್ಟೇ ತಣ್ಣಗಿರದಿದ್ದರೆ ಚಿತ್ರ ಕದಡಿಹೋಗುತ್ತದೆ, ಹಾಗಾಗಿ ಹೀಟರ್ ಹಾಕುವಂತಿಲ್ಲ. ಉಡಾವಣೆಯ ದಿನವೂ ಎರಡು ಸ್ವೆಟರ್ ಹಾಕಿಕೊಂಡು, ಮೂಗು ಸೋರಿಸಿಕೊಂಡು ಕೂತಿದ್ದೆ. ನಿಮ್ಮ ರಾಕೆಟ್ ಮೋಡ ಸೀಳಿಕೊಂಡು ಮೇಲೆ ಬಂದಾಗ ಚಳಿ ಗಿಳಿ ಎಲ್ಲ ಮರೆತುಹೋಯಿತು. ಅದನ್ನು ಮಾಡಿದವರಲ್ಲಿ ನಮ್ಮಮ್ಮನೂ ಇದ್ದಾಳೆ ಅಂತ ಪಕ್ಕದಲ್ಲಿದ್ದ ಎಂಜಿನಿಯರಿಗೆ ಕೂಗಿ ಹೇಳಿದೆ. ಅವರು ಇನ್ನೂ ನಗುತ್ತಿದ್ದರು, ಅಷ್ಟರಲ್ಲಿ ರಾಕೆಟ್ಟಿನ ತುದಿಗೆ ನಿಮ್ಮ ವಿಭಾಗ ಅಂಟಿಸಿದ್ದ ಹೊದಿಕೆ ಒಂದು ಮೂಲೆಯಿಂದ ಕಿತ್ತುಬಂತು. ರಾಕೆಟ್ ವಾಲಿತು. ಅದು ಸಮುದ್ರಕ್ಕೆ ಬೀಳುವವರೆಗೂ ಅಳುತ್ತಲೇ ಅದರ ಹಿಂದೆ ದೂರದರ್ಶಕ ತಿರುಗಿಸಿದೆ. ಕೈ ಬಿಡಲಿಲ್ಲ.

ಇನ್ನು, ಹೊದಿಕೆ ಕಿತ್ತಿಲ್ಲ, ವಿಮಾನ ಅಲುಗಿ ಹಾಗೆ ಕಂಡಿತು ಅನ್ನುವ ಮಾತು. ಆಗಿನ್ನೂ ಬೆಳಕು ಹರಿದಿರಲಿಲ್ಲ, ಚಿತ್ರದಲ್ಲಿ ನಕ್ಷತ್ರಗಳೂ ಬಿದ್ದಿವೆ. ದೂರದರ್ಶಕ ರಾಕೆಟ್ಟಿನ ಹಿಂದೆ ತಿರುಗುವಾಗ ಅವು ಪುಟ್ಟ ಗೆರೆಗಳಾಗುತ್ತವೆ. ವಿಮಾನ ಅಲುಗಾಡಿದ್ದರೆ ಆ ಗೆರೆಗಳು ಸೊಟ್ಟಪಟ್ಟ ಆಗಬೇಕಿತ್ತು. ಒಂದೂ ಆಗಿಲ್ಲ, ಸ್ಕೇಲ್ ಇಟ್ಟು ಎಳೆದ ಹಾಗಿವೆ. ನಿಮ್ಮ ದೊಡ್ಡ ಸಾಹೇಬರು ನನ್ನ ಬಾಯಿ ಮುಚ್ಚಿಸಬಹುದು, ಆ ಗೆರೆಗಳನ್ನು ಏನು ಮಾಡುತ್ತಾರೆ?

ಹೆತ್ತವಳ ಹೊಟ್ಟೆಯ ಮೇಲೆ ಹೊಡೆಯುತ್ತೀಯಾ ಅಂತ ಕೇಳಿದೆಯಲ್ಲ, ಆ ಮಾತು ಚುಚ್ಚಿತು. ನಿನ್ನ ಕೆಲಸ ಹೋದರೆ ನನ್ನ ಮನೆಗೆ ಬಾ, ನನ್ನ ಅಡುಗೆಗೆ ಹೆಸರಿಡುತ್ತಾ ಆರಾಮಾಗಿರು. ಆದರೆ ಮುಂದಿನ ರಾಕೆಟ್ಟಿನಲ್ಲಿ ಇಬ್ಬರು ಮನುಷ್ಯರು ಕೂರುತ್ತಾರೆ. ಆ ಇಬ್ಬರೂ ಮೇಡಂ ಮೇಡಂ ಅಂತ ನಿನ್ನ ಹಿಂದೆ ಮುಂದೆ ಸುತ್ತುವವರು. ಅವರ ತಲೆಯ ಮೇಲೂ ಅದೇ ಹೊದಿಕೆ ಅಂಟಿಸುತ್ತೀರಿ, ಅವತ್ತೂ ದೂರದರ್ಶಕ ತಿರುಗಿಸುವವಳು ನಾನೇ. ಅದರಲ್ಲಿ ನಾನು ಏನು ನೋಡಬೇಕು, ಹೇಳು.

ಚಿಕ್ಕಂದಿನಲ್ಲಿ ಹೊಲಿಗೆ ಮಿಷಿನ್ ರಿಪೇರಿ ಮಾಡುವಾಗೆಲ್ಲ ನೀನು ನನ್ನ ಕೈಗೆ ಟಾರ್ಚ್ ಕೊಡುತ್ತಿದ್ದೆ. ಬೆಳಕು ಒಂಚೂರು ಸರಿದರೆ ಸಾಕು, ಗೂಬೆ ಹಾಗೆ ಕಣ್ಣು ಬಿಟ್ಟರೆ ಆಗಲಿಲ್ಲ, ಕೈ ಗಟ್ಟಿಯಾಗಿ ಹಿಡಿ ಅಂತ ಬೈಯುತ್ತಿದ್ದೆ. ಅವತ್ತು ವಿಮಾನದಲ್ಲೂ ಹಾಗೇ ಹಿಡಿದಿದ್ದೆ. ಅಲುಗಿತು ಅಂತ ಹೇಳು ಅಂದರೆ, ನಿನಗೋಸ್ಕರವೂ ಹೇಳಲಾರೆ.

ಬೈಯುವಷ್ಟು ಬೈ. ಬಿ.ಪಿ. ಮಾತ್ರೆ ಮಾತ್ರ ತಪ್ಪಿಸಬೇಡ.

ನಿನ್ನ ಮಾತು ಕೇಳದ,
ಗೂಬೆ

ತಾ.ಕ.: ಹೊಸ ಅಂಟು ಚಳಿಗೆ ಬಿರಿಯುತ್ತದೆ, ಹೇಳಿದರೆ ಸಾಹೇಬರು ಕಿವಿಗೇ ಹಾಕಿಕೊಳ್ಳುತ್ತಿಲ್ಲ ಅಂತ ಉಡಾವಣೆಗೆ ಮುಂಚೆ ಒಂದು ದಿನ ಊಟಕ್ಕೆ ಕೂತಾಗ ನೀನೇ ಹೇಳಿದ್ದೆ. ಆಮೇಲೆ ನೀನೂ ಸುಮ್ಮನಾದೆ. ಅದನ್ನು ನಾನು ಯಾರಿಗೂ ಹೇಳಿಲ್ಲ, ನಾಳೆಯೂ ಹೇಳುವುದಿಲ್ಲ. ಕಣ್ಣಲ್ಲಿ ಕಂಡಷ್ಟನ್ನೇ ಹೇಳಿ ಹೊರಗೆ ಬರುತ್ತೇನೆ. ನನ್ನ ನಂತರ ನಿನ್ನನ್ನು ಕರೆಯುತ್ತಾರೆ. ಹೊಲಿಗೆ ಮಿಷಿನ್ನಿನ ಹಾಗೇ ಅಮ್ಮ, ಟಾರ್ಚ್ ನಾನು ಹಿಡಿಯುತ್ತೇನೆ, ಬಿಚ್ಚುವವಳು ನೀನು.