ಮಾತು ಕೊಟ್ಟವರ ಚಪ್ಪಾಳೆ

ಅತ್ತಿಗೆ,

ಸುಖವಾಗಿ ತಲುಪಿದೆ. ಬಡ ದೇಶಗಳ ಕ್ಷಯರೋಗಿಗಳ ಔಷಧಿಗೆ ಹಣ ಕೊಡುವುದಾಗಿ ಒಪ್ಪಿ ಸುಮ್ಮನಾಗಿರುವ ಶ್ರೀಮಂತ ಸರ್ಕಾರಗಳ ಮುಂದೆ ಇವತ್ತು ನಮ್ಮ ರೋಗಿಗಳ ಸಂಘದ ಪರವಾಗಿ ಮಾತನಾಡಿದೆ. ಅನುವಾದಕಿ ಇದ್ದಾಳೆ, ಕನ್ನಡದಲ್ಲೇ ಹೇಳಿ ಎಂದಿದ್ದರು. "ನೀವು ಮಾತು ಕೊಟ್ಟಿದ್ದೀರಿ, ನಮ್ಮ ಜನ ಅದನ್ನೇ ನಂಬಿಕೊಂಡು ಕೂತಿದ್ದಾರೆ" ಎಂದೆ. ಇಡೀ ಸಭೆ ಎದ್ದುನಿಂತು ನಗುನಗುತ್ತಾ ಚಪ್ಪಾಳೆ ತಟ್ಟಿತು. ಇದೇನಿದು ಎಂದು ಅನುವಾದಕಿಯತ್ತ ತಿರುಗಿದೆ.

ತಾನು ಕೂತು ಅನುವಾದಿಸುತ್ತಿದ್ದ ಗಾಜಿನ ಗೂಡಿನಿಂದ ಅವಳು ಓಡಿಬಂದಳು. "ಅಯ್ಯೋ ಮೇಡಂ, ಅವಸರದಲ್ಲಿ 'ಮಾತು' ಬಿಟ್ಟುಹೋಯ್ತು! 'ಕೊಟ್ಟಿದ್ದೀರಿ' ಅಂತಷ್ಟೇ ಹೇಳಿಬಿಟ್ಟೆ. ನೀವು ಥ್ಯಾಂಕ್ಸ್ ಹೇಳಿದ್ರಿ ಅಂದ್ಕೊಂಡಿದ್ದಾರೆ."

ತಿದ್ದಿಸಲು ಸಭೆಯ ಕಚೇರಿಗೆ ಹೋದರೆ, ವರದಿ ಆಗಲೇ ಎಲ್ಲ ದೇಶಗಳಿಗೂ ಹೋಗಿದೆ, ನಾಳೆ ಹತ್ತಕ್ಕೆ ಬಂದು ಕೇಳಿ ಎಂದರು. ಅಷ್ಟರಲ್ಲಿ ಅರ್ಧ ಜನ ವಿಮಾನ ಹತ್ತಿರುತ್ತಾರೆ. ಬಾರದ ಔಷಧಿಗೆ, ಬಂತೆಂದು ನಾನೇ ಸಾಕ್ಷಿ ಹೇಳಿದಂತಾಯಿತು.

ಫೋನ್ ಮಾಡಿದರೆ ಅಣ್ಣನೇ ಎತ್ತುತ್ತಾನೆ. ಅದಕ್ಕೇ ಈ ಕಾರ್ಡನ್ನು ನಿಮ್ಮ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಕ್ಲಿನಿಕ್‌ನಲ್ಲಿ ಅವನ ಕ್ಷಯದ ಮಾತ್ರೆ ಇರುವುದು ಮುಂದಿನ ತಿಂಗಳ ಕೊನೆಯವರೆಗೆ ಮಾತ್ರ. ಅದು ಗೊತ್ತಾದರೆ, ಉಳಿಸೋಣ ಎಂದು ದಿನ ಬಿಟ್ಟು ದಿನ ನುಂಗುವ ಜಾಯಮಾನ ಅವನದು. ಹಾಗೆ ಮಾಡಿದರೆ ರೋಗ ಆಮೇಲೆ ಯಾವ ಮಾತ್ರೆಗೂ ಬಗ್ಗುವುದಿಲ್ಲ. ದಿನವೂ ಎದುರಿಗೆ ನಿಂತು ನುಂಗಿಸಿ. ನುಂಗಿದೆ ಎಂದರೆ ನಂಬಬೇಡಿ, ಬಾಯಿ ತೆರೆಸಿ ನೋಡಿ.

ನಿಮ್ಮ ನಾದಿನಿ