ಮೂವರು ಎಂದು ಬರೆಸಿದ್ದು

ಸ್ತಾರ್ ಬ್ರೆಗ್,
ಅಕ್ಟೋಬರ್ ೧೪

ನನ್ನ ರಾಲಿತ್ಸಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಒಲೆಯ ಮೇಲೆ ದಪ್ಪ ಮೆಣಸಿನಕಾಯಿ ಸೀಯುತ್ತಿದೆ ಎಂದು ಹೇಳಿ ಇಟ್ಟುಬಿಟ್ಟೆ. ಒಲೆಯ ಮೇಲೆ ಮೆಣಸಿನಕಾಯಿ ಇದ್ದದ್ದು ನಿಜ. ಆದರೆ ಅದನ್ನು ತಿರುವಿ ಹಾಕಲು ನಿನ್ನಪ್ಪ ಅಲ್ಲೇ ಕೂತಿದ್ದರು.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಸಂಸ್ಥೆಯಲ್ಲಿ ಕೂತು ನಮ್ಮೂರಿನ ಜನರ ಎಣಿಕೆಯ ಹಾಳೆಗಳನ್ನು ಪರಿಶೀಲಿಸುವಾಗ ನಮ್ಮ ಮನೆಯದೇ ಕೈಗೆ ಬಂದಿದೆ; ಅದರಲ್ಲಿ ವಾಸಿಸುವವರು ಮೂವರು ಎಂದಿದೆ, ಮೂರನೆಯ ಹೆಸರು ಲ್ಯುಬೆನ್ ಎಂದಿದೆ. "ಬಸ್ಸಿಗೋಸ್ಕರ ನನ್ನ ತಮ್ಮನನ್ನೂ ಬಿಡ್ಲಿಲ್ವಾಮ್ಮಾ?" ಎಂದು ಕೇಳಿದೆ. ಆ ಮಾತು ಅಂದಿನಿಂದ ನನ್ನ ಜೊತೆಗೇ ಓಡಾಡಿಕೊಂಡಿದೆ.

ಊರಿನವರು ಬಸ್ಸಿಗಾಗಿ ಸುಳ್ಳು ಹೇಳಿದರು, ಅದನ್ನು ಮುಚ್ಚಿಡುವುದಿಲ್ಲ. ಯಾವ ಊರಿನಲ್ಲಿ ನಿಜವಾಗಿ ಎಷ್ಟು ಜನ ಉಳಿದಿದ್ದಾರೆ ಎಂದು ನಿಮ್ಮ ಸಂಸ್ಥೆ ಎಣಿಸುತ್ತದಂತೆ, ಜನ ಸಾಲದ ಊರಿಗೆ ಸರ್ಕಾರ ಬಸ್ಸು ನಿಲ್ಲಿಸುತ್ತದಂತೆ ಎಂಬ ಸುದ್ದಿ ಬಂದ ಕೂಡಲೇ ಪಕ್ಕದ ಮನೆಯ ದೋನಾ ಹೆಂಗಸರನ್ನೆಲ್ಲ ಸೇರಿಸಿದಳು. ಊರು ಬಿಟ್ಟು ಹೋದವರ ಮನೆಗಳ ಬೀಗದ ಕೈಗಳು ಹೇಗೂ ನಮ್ಮ ಹತ್ತಿರವೇ ಇವೆ. ಖಾಲಿ ಮನೆಗಳಲ್ಲಿ ಒಲೆ ಹಚ್ಚಿದೆವು, ಅಂಗಳದ ತಂತಿಗಳಲ್ಲಿ ಬಟ್ಟೆ ಒಣಹಾಕಿದೆವು. ನಿನ್ನಪ್ಪನ ಪೈಜಾಮಗಳು ಆ ದಿನ ಬೀದಿಯ ಎಷ್ಟೋ ಗಂಡಸರ ಪಾಲಾದವು.

ಸ್ವಂತ ಊರಿಗೆ ಎಣಿಸಲು ಯಾರೂ ಹೋಗಬಾರದು ಎಂದು ನಿಮ್ಮಲ್ಲಿ ನಿಯಮವಿದೆಯಲ್ಲ, ಹಾಗಾಗಿ ನಿನ್ನ ಬದಲು ನಿನ್ನ ಜೊತೆ ಕೆಲಸ ಮಾಡುವ ಕ್ರುಮ್ ಬಂದ. ಸಭ್ಯ ಮನುಷ್ಯ. ಹೊಗೆಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಒಂದೊಂದು ಮನೆಯ ಮುಂದೆಯೂ ನಿಂತು, ಗೇಟಿಗೆ ಅಂಟಿಸಿದ ಮರಣದ ಹಾಳೆಗಳಲ್ಲಿ ಹೆಸರು, ಫೋಟೋ, ವರ್ಷ ಓದಿಕೊಂಡು ಆಮೇಲೆ ಒಳಗೆ ಬರುತ್ತಿದ್ದ. ಗೇಟಿನ ಮೇಲೆ ಇರುವವರನ್ನೆಲ್ಲ ಕಳೆದು ಉಳಿದವರ ಬಗ್ಗೆ ಮಾತ್ರ ಕೇಳುತ್ತಿದ್ದ. ಇದೆಂಥ ಜಾಣತನ ಎಂದು ದೋನಾ ಕೇಳಿದ್ದಕ್ಕೆ, "ಹೊಗೆ ಸುಳ್ಳು ಹೇಳುತ್ತೆ, ಗೇಟು ಹೇಳಲ್ಲ. ಇದು ರಾಲಿತ್ಸಾ ಹೇಳ್ಕೊಟ್ಟ ಪಾಠ," ಎಂದ.

ದೋನಾ ಸೋಲುವವಳೇ? "ನನ್ನ ಗಂಡ ನೋಡಪ್ಪ, ಗೇಟು ಬಿಟ್ಟು ಕದಲಲ್ಲ. ಬದುಕಿದ್ದಾಗ ಒಂದಿನಾನೂ ಹಿಂಗೆ ಮನೇಲಿ ನಿಂತೋನಲ್ಲ. ಈಗ್ಲಾದ್ರೂ ಅವನ್ನ ಲೆಕ್ಕಕ್ಕೆ ಹಿಡ್ಕೋ," ಎಂದಳು. ಅವನು ನಕ್ಕ. ಆದರೆ ಹಿಡಿದುಕೊಳ್ಳಲಿಲ್ಲ.

ಆಮೇಲೆ ನಮ್ಮ ಮನೆ. ನಮ್ಮ ಗೇಟಿನ ಮೇಲೆ ಏನಿತ್ತು? ನಿನಗೆ ಗೊತ್ತು, ಏನೂ ಇರಲಿಲ್ಲ. ಕಳೆದ ವರ್ಷ ವಲೆನ್ಸಿಯಾದಲ್ಲಿ ಲ್ಯುಬೆನ್ ಕಟ್ಟಡದಿಂದ ಬಿದ್ದ, ಅಲ್ಲೇ ಮಣ್ಣು ಮಾಡಿದರು. ನೀನು ಹೋಗಿಬಂದೆ. ನಾನು ಹೋಗಲಿಲ್ಲ. ನಲವತ್ತನೆಯ ದಿನದ ಹಾಳೆ ಅಂಟಿಸಲಿಲ್ಲ, ವರ್ಷದ್ದೂ ಅಂಟಿಸಲಿಲ್ಲ. ಅಂಟಿಸುವವರೆಗೆ ಅವನು ಸ್ಪೇನಿನಲ್ಲಿದ್ದಾನೆ ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಊರಿನವರು ಯಾಕೆಂದು ಕೇಳಲಿಲ್ಲ. ಕೇಳದಿರುವುದೂ ಒಂದು ಉಪಚಾರ.

ಮನೆಯಲ್ಲಿ ಎಷ್ಟು ಜನ ಎಂದು ಕ್ರುಮ್ ಕೇಳಿದಾಗ ಇಬ್ಬರು ಎನ್ನಬೇಕೆಂದೇ ಬಾಯಿ ತೆರೆದಿದ್ದೆ. ಬಸ್ಸು ನನ್ನ ತಲೆಯಲ್ಲೇ ಇರಲಿಲ್ಲ, ನಂಬು. ಅಷ್ಟರಲ್ಲಿ ಅವನೇ ಬಲು ಪ್ರೀತಿಯಿಂದ, "ಲ್ಯುಬೆನ್ ಬಂದ್ನಾ ಅಮ್ಮಾ? ಚಳಿಗಾಲಕ್ಕೆ ಬರ್ತಾನೆ ಅಂತ ರಾಲಿತ್ಸಾ ಅಂತಿದ್ಲು," ಎಂದ.

ನಾನು ನಿನ್ನಪ್ಪನ ಮುಖ ನೋಡಿದೆ. ಅವರು ದ್ರಾಕ್ಷಿ ಚಪ್ಪರ ನೋಡುತ್ತಿದ್ದರು.

"ಬಂದಿದಾನೆ," ಎಂದೆ. ಕ್ರುಮ್ ಬರೆದುಕೊಂಡ.

ಅವನಿಗೆ ನೀನು ಏನು ಹೇಳಿದ್ದೆ, ಯಾಕೆ ಹೇಳಿದ್ದೆ ಎಂದು ನಾನು ಕೇಳುವುದಿಲ್ಲ ಮಗಳೇ. ನಾನು ಕಂಡೇ ಇರದ ನಿಮ್ಮ ಕಚೇರಿಯ ಆ ಕೋಣೆಯಲ್ಲಿ, ನಿನ್ನ ಮೇಜಿನ ಪಕ್ಕದಲ್ಲಿ ನಿನ್ನ ತಮ್ಮ ಇನ್ನೂ ಚಳಿಗಾಲಕ್ಕೆ ಬರುವವನಾಗಿಯೇ ಇದ್ದಾನೆ ಎಂದು ತಿಳಿದು ಆ ಒಂದು ಗಳಿಗೆ ನನಗೆ ಸುಖವಾಯಿತು. ನಿನ್ನ ಜೊತೆ ಸೇರಿಕೊಂಡೆ, ಅಷ್ಟೇ.

ನೀನು ಫೋನಿನಲ್ಲಿ ಹೇಳಿದ್ದನ್ನು ನಿನ್ನಪ್ಪನಿಗೂ ಹೇಳಿದೆ. ಒಂದು ಹಾಳೆ ಸುಳ್ಳಾದರೆ ಇಡೀ ಊರನ್ನು ಮತ್ತೆ ಎಣಿಸಬೇಕು, ಮತ್ತೆ ಎಣಿಸಿದರೆ ಬಸ್ಸು ಉಳಿಯುವುದಿಲ್ಲ. ಸುಮ್ಮನಿದ್ದು ಅದು ಬಯಲಾದರೆ ನಿನ್ನ ಕೆಲಸ ಹೋಗುತ್ತದೆ. ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಅವರು ಹೋಗುವುದು ಅದೇ ಬಸ್ಸಿನಲ್ಲಿ, ನಿನಗೂ ಗೊತ್ತು. ಅವರು ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಬಿಡಿಸುತ್ತಾ, "ವೆಲಿಕಾ, ನನ್ನ ಬಸ್ಸಿಗೋಸ್ಕರ ಅವನನ್ನ ಹಿಡಿದಿಟ್ಕೋಬೇಡ. ಕಳಿಸ್ಕೊಡು," ಎಂದರು.

ನಿನ್ನೆ ಪಟ್ಟಣಕ್ಕೆ ಹೋಗಿ ಅವನ ಮರಣದ ಹಾಳೆ ಮುದ್ರಿಸಿಕೊಂಡು ಬಂದೆ. ಅದೇ ಬಸ್ಸಿನಲ್ಲೇ ಹೋದೆ. ಗೇಟಿಗೆ ಅಂಟಿಸುವಾಗ ಗಾಳಿ ಇತ್ತು. ನಾನು ಕರೆಯದೆಯೇ ದೋನಾ ಬಂದು ಒಂದು ತುದಿ ಹಿಡಿದಳು. ಇನ್ನೊಮ್ಮೆ ಎಣಿಸಲು ಬರುತ್ತಾರೆ ಎಂದು ಅವಳಿಗೂ ಗೊತ್ತು. ಬೈಯುತ್ತಾಳೆ ಅಂದುಕೊಂಡಿದ್ದೆ. ಹಾಳೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿ, "ಅಂತೂ ಮನೆಗೆ ಬಂದ ನೋಡು," ಎಂದಳು. ಆಮೇಲೆ ನಾವಿಬ್ಬರೂ ಹೋಗಿ ಆ ಖಾಲಿ ಮನೆಗಳ ತಂತಿಗಳಿಂದ ಬಟ್ಟೆ ತೆಗೆದೆವು.

ನಮ್ಮ ಮನೆಯ ಎಣಿಕೆಯ ಹಾಳೆಯನ್ನು ತಿದ್ದು. ಇಬ್ಬರು ಎಂದು ಬರೆ. ನಿನ್ನ ಕೈಯಿಂದಲೇ ಬರೆ, ಬೇರೆಯವರಿಗೆ ಕೊಡಬೇಡ. ಕ್ರುಮ್‌ಗೂ ನೀನೇ ಹೇಳು, ಎದುರಿಗೆ ಕೂತು. ಹೇಳುವಾಗ ಅಳು ಬಂದರೆ ಬರಲಿ.

ಅಪ್ಪನ ಚಿಂತೆ ಬೇಡ. ಆಸ್ಪತ್ರೆಗೆ ಯಾರದಾದರೂ ಕಾರು ಸಿಗುತ್ತದೆ. ಸುಟ್ಟ ಮೆಣಸಿನಕಾಯಿಯ ಜಾಡಿಗಳಲ್ಲಿ ನಿನ್ನ ಪಾಲು ತೆಗೆದಿಟ್ಟಿದ್ದೇನೆ.

ನಿನ್ನ ಅಮ್ಮ,
ವೆಲಿಕಾ

ಮರೆತಿದ್ದೆ: ಬಂದಾಗ ಗೇಟಿನ ಮುಂದೆ ಗಾಬರಿಯಾಗಬೇಡ. ಅವನು ನಗುತ್ತಿರುವ ಫೋಟೋ ನಮ್ಮಲ್ಲಿ ಇದ್ದದ್ದು ಒಂದೇ, ನದಿಯ ದಂಡೆಯಲ್ಲಿ ನಿನ್ನ ಜೊತೆ ತೆಗೆಸಿಕೊಂಡದ್ದು. ಮುದ್ರಿಸುವವನು ನಿನ್ನನ್ನು ಕತ್ತರಿಸಿದ, ಆದರೆ ಅವನ ಭುಜದ ಮೇಲಿನ ನಿನ್ನ ಕೈ ಉಳಿದುಬಿಟ್ಟಿದೆ. ಅದನ್ನೂ ತೆಗೆಯಲೇ ಎಂದು ಕೇಳಿದ. ಬೇಡ, ಇರಲಿ ಎಂದೆ.