ಆರು ಗುಂಡಿಗಳ ಪರೀಕ್ಷೆ

ಅಂಗವೈಕಲ್ಯ ಪ್ರಮಾಣಪತ್ರ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಒಂಬತ್ತು ವರ್ಷದ ಮಗಳಿಗೆ ಯಾವ ತೊಂದರೆಯೂ ಇಲ್ಲ ಎಂದು ತಾವು ಮೂರೇ ನಿಮಿಷದಲ್ಲಿ ಕಂಡುಹಿಡಿದದ್ದಕ್ಕೆ ಅಭಿನಂದನೆಗಳು. ಮಕ್ಕಳ ಕೀಲುವಾತದ ತಜ್ಞರು ಎರಡು ವರ್ಷದಿಂದ ಅವಳ ಊದಿದ ಮಣಿಕಟ್ಟು, ಮಂಡಿಗಳನ್ನು ಹಿಡಿದು ನೋಡುತ್ತಾ, ವಾರಕ್ಕೊಂದು ಚುಚ್ಚುಮದ್ದು ಕೊಡುತ್ತಾ, ಈ ಕಾಯಿಲೆ ಸದ್ದಿಲ್ಲದೆ ಕಣ್ಣಿಗೂ ಇಳಿಯಬಹುದೆಂದು ಮೂರು ತಿಂಗಳಿಗೊಮ್ಮೆ ಕಣ್ಣನ್ನೂ ಪರೀಕ್ಷೆ ಮಾಡಿಸುತ್ತಾ ಸುಮ್ಮನೆ ಕಾಲ ಕಳೆದರು. ಮೊದಲೇ ತಮ್ಮ ಹತ್ತಿರ ಬಂದಿದ್ದರೆ ಅಂದೇ ವಾಸಿಯಾಗುತ್ತಿತ್ತು.

ಅಷ್ಟಕ್ಕೂ ನಾನು ಕೇಳಿದ್ದೇನು? ಮಗಳು ಶಾಲೆಗೆ ಒಂದು ಗಂಟೆ ತಡವಾಗಿ ಹೋಗಬಹುದು ಎನ್ನಲು ಆಧಾರವಾಗುವ ಒಂದು ಕಾಗದ. ಬೆಳಗ್ಗೆ ಆರಕ್ಕೆ ಎದ್ದಾಗ ಅವಳ ಕೈಕಾಲು ಬಿಗಿದುಕೊಂಡಿರುತ್ತವೆ. ಬಿಸಿನೀರಲ್ಲಿ ಕೈ ಅದ್ದಿಸಿ, ಒಂದೊಂದೇ ಬೆರಳು ಬಿಡಿಸಿ, ವ್ಯಾಯಾಮ ಮಾಡಿಸಿ, ನಾಲ್ಕು ಹೆಜ್ಜೆ ನಡೆಸುವಷ್ಟರಲ್ಲಿ ಎಂಟೂವರೆ. ಶಾಲೆಯಲ್ಲಿ ಹಾಜರಿ ಕೂಗುವುದು ಎಂಟಕ್ಕೆ. ಹಾಜರಿ ಸಾಲದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲ, ಅದೇ ತರಗತಿಯಲ್ಲಿ ಇನ್ನೊಂದು ವರ್ಷ. ಮಂಡಳಿಯ ಕಾಗದ ತಂದರೆ ತಮ್ಮದೇನೂ ತಕರಾರಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ತಮ್ಮ ಮಂಡಳಿಗೆ ಕನ್ನಡಿಯೂ ಬೇಕು, ಅದರ ಮೂರು ಪ್ರತಿಗಳೂ ಬೇಕು. ಎಲ್ಲ ಹೊತ್ತು ಬಂದೆವು. ತಮ್ಮ ಕೋಣೆ ಮೂರನೇ ಮಹಡಿಯಲ್ಲಿ, ಲಿಫ್ಟು ಸಿಬ್ಬಂದಿಗೆ ಮಾತ್ರ. ಮೆಟ್ಟಿಲು ಹತ್ತಲಾಗದು ಎಂದು ಹೇಳಲು ಮೆಟ್ಟಿಲು ಹತ್ತಿಯೇ ಬರಬೇಕಾದ ಈ ಏರ್ಪಾಡು ಮಾಡಿದವರಿಗೆ ದೊಡ್ಡ ನಮಸ್ಕಾರ. ನಮ್ಮ ಸರದಿ ಬಂದದ್ದು ಹನ್ನೆರಡೂವರೆಗೆ. ಅಷ್ಟು ಹೊತ್ತಿಗೆ ಅವಳ ಬೆರಳು ಸಡಿಲವಾಗಿರುತ್ತವೆ. ತಮ್ಮ ಕಚೇರಿ ತೆರೆಯುವುದು ಹನ್ನೊಂದಕ್ಕೆ, ಅವಳ ಕಾಯಿಲೆ ತೆರೆಯುವುದು ಆರಕ್ಕೆ. ಪಾಪ, ಇಬ್ಬರಿಗೂ ಭೇಟಿಯೇ ಆಗಿಲ್ಲ.

"ಇದು ವಯಸ್ಸಾದವರಿಗೆ ಬರೋದಲ್ವೇನಮ್ಮಾ?" ಎಂದಿರಿ.

"ಮಕ್ಕಳಿಗೂ ಬರುತ್ತೆ ಸರ್. ಬೆಳಗ್ಗೆ ಹೊತ್ತು ತುಂಬಾ ಕಷ್ಟ."

"ಈಗ ಚೆನ್ನಾಗೇ ಇದಾಳಲ್ಲ! ಎಲ್ಲಿ ಪುಟ್ಟಾ, ಆ ಕೋಟಿನ ಗುಂಡಿ ಬಿಚ್ಚು ನೋಡೋಣ."

ಮಗಳು ಶಾಲೆಯ ಕೋಟಿನ ಅಂಚು ಹಿಡಿದು ಎಳೆದಳು. ಆರಕ್ಕೆ ಆರೂ ಗುಂಡಿ ಕಣ್ಣು ಮಿಟುಕಿಸುವುದರಲ್ಲಿ ಬಿಚ್ಚಿಕೊಂಡವು. "ಇನ್ನೊಂದ್ಸಲ ಮಾಡ್ಲಾ ಅಂಕಲ್?" ಎಂದು ಬೇರೆ ಕೇಳಿದಳು. ತಾವು ಭೇಷ್ ಎಂದು ಬೆನ್ನು ತಟ್ಟಿ, "ಬೆರಳುಗಳ ಚಲನೆ ಸಹಜ" ಎಂದು ಬರೆದಿರಿ.

ಮಾನ್ಯರೇ, ಆ ಗುಂಡಿಗಳು ಸುಳ್ಳು. ನಾನು ಟೈಲರು. ಮಗಳು ಕೋಟಿನ ಗುಂಡಿ ಹಾಕಲಾರದೆ ತೆರೆದುಕೊಂಡೇ ಶಾಲೆಗೆ ಹೋದಾಗ ಮಕ್ಕಳು "ಗುಂಡಿ ಹಾಕೋಕಾಗದ ಅಜ್ಜಿ ಬಂದ್ಲು" ಎಂದು ಆಡಿಕೊಂಡರು. "ಎಲ್ಲರ ಕೋಟಿನ ಥರಾನೇ ಕಾಣ್ಬೇಕಮ್ಮಾ" ಎಂದು ಅತ್ತಳು. ಕೈಚೀಲಗಳ ಬಾಯಿಗೆ ಹಾಕುವ ಅಯಸ್ಕಾಂತದ ಗುಂಡಿಗಳನ್ನು ಒಳಗಡೆ ಹೊಲಿದೆ. ಗುಂಡಿ ತೂರಿಸುವ ಕಾಜಾಗಳನ್ನು ಹೊಲಿದು ಮುಚ್ಚಿ, ಅವುಗಳ ಮೇಲೆ ನಿಜವಾದ ಗುಂಡಿಗಳನ್ನು ಅಂದಕ್ಕೆ ಕೂರಿಸಿದೆ. ಯಾರಿಗೂ ಗೊತ್ತಾಗಬಾರದು ಎಂದು ಎರಡು ದಿನ ಕೂತು ಹೊಲಿದ ಕೆಲಸವದು. ತಮಗೂ ಗೊತ್ತಾಗಲಿಲ್ಲ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ. "ಸರ್, ಅದು ಅಯಸ್ಕಾಂತ" ಎನ್ನುವಷ್ಟರಲ್ಲಿ ತಾವು ಮುಂದಿನವರನ್ನು ಕರೆದಾಗಿತ್ತು. ಒಮ್ಮೆ ಬಗ್ಗಿ ಆ ಕೋಟು ಮುಟ್ಟಿ ನೋಡಿದ್ದರೆ ಮಂಡಳಿಯ ಗಂಟೇನು ಹೋಗುತ್ತಿತ್ತು?

ಮೆಟ್ಟಿಲು ಇಳಿಯುವಾಗ ಮಗಳು ನನ್ನ ಕಿವಿಯಲ್ಲಿ ಕೇಳಿದಳು: "ಅಮ್ಮಾ, ನಾನು ಪಾಸಾದ್ನಾ?"

"ಪಾಸಾದೆ ಕಂದಾ" ಎಂದೆ. ಇನ್ನೇನು ಹೇಳಲಿ? ಆ ಪಾಸಿನಿಂದಲೇ ಅವಳು ಈ ವರ್ಷ ಫೇಲಾಗುತ್ತಾಳೆ.

ಆದ್ದರಿಂದ ಮರುಪರೀಕ್ಷೆ ಮಾಡಿ. ಬೆಳಗ್ಗೆ ಆರಕ್ಕೆ ಕಚೇರಿ ತೆರೆಯಿರಿ, ಆಗದಿದ್ದರೆ ನಮ್ಮ ಮನೆಗೆ ಬನ್ನಿ. ನಾವು ನೆಲಮಹಡಿಯಲ್ಲೇ ಇದ್ದೇವೆ, ಬರುವವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಆರು ನಿಜವಾದ ಗುಂಡಿ, ಆರು ನಿಜವಾದ ಕಾಜಾ ಇರುವ ಇನ್ನೊಂದು ಕೋಟು ಹೊಲಿದಿಟ್ಟಿದ್ದೇನೆ. ಅವಳು ಮೊದಲನೇ ಗುಂಡಿಯಲ್ಲೇ ನಿಲ್ಲುತ್ತಾಳೆ. ಆದರೂ ತಾವು ಭೇಷ್ ಎನ್ನಲೇಬೇಕು, ಏಕೆಂದರೆ ಅಂಕಲ್ ಬರುತ್ತಾರೆಂದು ಹೇಳಿದಂದಿನಿಂದ ಅವಳು ದಿನಾ ಬೆಳಗ್ಗೆ ಹಲ್ಲು ಕಚ್ಚಿಕೊಂಡು ಅದನ್ನೇ ಅಭ್ಯಾಸ ಮಾಡುತ್ತಿದ್ದಾಳೆ.

ಇಂತಿ,
ಕೈಚಳಕ ತೋರಿಸಲು ಹೋಗಿ ಕೈ ಸುಟ್ಟುಕೊಂಡ
ಟೈಲರಮ್ಮ